ದೊಡ್ಡವರಾದ ಮೇಲೆ ಸ್ಕೋಲಿಯೋಸಿಸ್ ಆಪರೇಷನ್: ತಾರೀಖು ಹಿಡಿಯುವ ಮುಂಚೆ ಮಾಡಿಕೊಳ್ಳಬೇಕಾದ ತಯಾರಿ

ನಾನು ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಕೆಲಸ ಮಾಡುತ್ತೇನೆ. ಬೆನ್ನು ಸೊಟ್ಟಗಿರುವ ದೊಡ್ಡವರು ಬಂದರೆ ಮೂರು ಪ್ರಶ್ನೆ ಕೇಳದೆ ಹೋಗುವುದಿಲ್ಲ. "ಆಪರೇಷನ್ ಮಾಡಿಸಿದ್ರ ಕಾಲು ಬೀಳ್ತಾವಂತಲ್ರೀ?" ಅನ್ನುವುದು ಮೊದಲನೆಯದು. "ಎಷ್ಟು ಖರ್ಚಾಗ್ತದ್ರಿ?" ಎರಡನೆಯದು. ಮೂರನೆಯದನ್ನು ಹೆಚ್ಚಾಗಿ ಹೆಂಗಸರು ಕೇಳುತ್ತಾರೆ: "ಆಮ್ಯಾಲೆ ರೊಟ್ಟಿ ಬಡಿಬಹುದೇನ್ರಿ?" ನನ್ನ ಪ್ರಕಾರ ಮೂರರಲ್ಲಿ ಅದೇ ಒಳ್ಳೆಯ ಪ್ರಶ್ನೆ. ಆಪರೇಷನ್ ಆದ ಮೇಲಿನ ದಿನಗಳನ್ನು ಮೊದಲೇ ಕಣ್ಣಮುಂದೆ ತಂದುಕೊಂಡವರು ಬೇಗ ಚೇತರಿಸಿಕೊಳ್ಳುತ್ತಾರೆ. ತಾರೀಖು ಸಿಕ್ಕ ಮೇಲೆ ಓಡಾಡಿ ತಯಾರಾಗುವ ಆಪರೇಷನ್ ಅಲ್ಲ ಇದು. ಮೂರು ತಿಂಗಳಾದರೂ ಮುಂಚೆ ಶುರು ಮಾಡಬೇಕು.

ಮೊದಲು ಎರಡು ಮಾತು ತಿಳಿದಿರಲಿ. ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಂಡರೆ ಅದು ಸ್ಕೋಲಿಯೋಸಿಸ್. ಬಾಗು ಎಷ್ಟಿದೆ ಅನ್ನುವುದನ್ನು ಎಕ್ಸ್‌ರೇ ಮೇಲೆ ಗೆರೆ ಎಳೆದು ಡಿಗ್ರಿಯಲ್ಲಿ ಅಳೆಯುತ್ತಾರೆ. ಅದಕ್ಕೆ ಕಾಬ್ ಕೋನ ಅನ್ನುತ್ತಾರೆ. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಅಂತ ಲೆಕ್ಕ. ದೊಡ್ಡವರಲ್ಲಿ ಇದು ಎರಡು ತರಹ. ಹರೆಯದಲ್ಲೇ ಬಂದು ಹಾಗೇ ಉಳಿದದ್ದು ಒಂದು. ವಯಸ್ಸಾದಂತೆ ಡಿಸ್ಕ್ ಮತ್ತು ಕೀಲು ಸವೆದು ಹೊಸದಾಗಿ ಬಾಗಿದ್ದು ಇನ್ನೊಂದು. ನಿಮ್ಮದು ಯಾವುದು ಅಂತ ಮೊದಲ ಭೇಟಿಯಲ್ಲೇ ಕೇಳಿ.

1. ಆಪರೇಷನ್ ನಿಜವಾಗಿ ಬೇಕಾ ಅಂತ ಖಾತ್ರಿ ಮಾಡಿಕೊಳ್ಳಿ

ಡಿಗ್ರಿ ಒಂದನ್ನೇ ನೋಡಿ ಯಾರೂ ಕತ್ತರಿ ಹಿಡಿಯುವುದಿಲ್ಲ, ಹಿಡಿಯಲೂಬಾರದು. 50 ಡಿಗ್ರಿ ದಾಟಿದ ಬಾಗು ದೊಡ್ಡವರಲ್ಲೂ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಬೆಳೆಯಬಹುದು. ಹಾಗಾಗಿ ಆ ಅಳತೆಯಲ್ಲಿ ಮಾತು ಶುರುವಾಗುತ್ತದೆ, ಅಷ್ಟೆ. ಔಷಧಿ, ವ್ಯಾಯಾಮಕ್ಕೆ ಬಗ್ಗದ ನೋವು, ನಿಂತರೆ ಕಾಲಿಗೆ ಇಳಿಯುವ ಸೆಳೆತ, ನೆಟ್ಟಗೆ ನಿಲ್ಲಲಾಗದೆ ಮುಂದಕ್ಕೆ ಅಥವಾ ಪಕ್ಕಕ್ಕೆ ವಾಲುವುದು, ಉಸಿರಿಗೆ ತೊಂದರೆ: ಇವು ನಿಜವಾದ ಕಾರಣಗಳು. "ನೋಡೋಕೆ ಚೆಂದ ಕಾಣಲಿ" ಅನ್ನುವುದೂ ತಪ್ಪಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ ಇನ್ನೂ ನಿಧಾನವಾಗಿ ಯೋಚಿಸಿ.

ಹಳೆಯ ಎಕ್ಸ್‌ರೇ ಎಸೆಯಬೇಡಿ. ಕೆಲವು ವರ್ಷದ ಅಂತರದ ಎರಡು ಫಿಲ್ಮ್ ಪಕ್ಕಪಕ್ಕ ಇಟ್ಟರೆ ಬಾಗು ಬೆಳೆಯುತ್ತಿದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ. ಎಕ್ಸ್‌ರೇ ನಿಂತುಕೊಂಡೇ ತೆಗೆಸಿರಬೇಕು. ಮಲಗಿಸಿ ತೆಗೆದರೆ ಬಾಗು ಕಡಿಮೆ ಕಾಣುತ್ತದೆ.

ಮೊದಲ ತಪಾಸಣೆ, ರಕ್ತ ಪರೀಕ್ಷೆ, ರೆಫರಲ್ ಪತ್ರ ಇಷ್ಟಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ದೊಡ್ಡ ಬಾಗು ತಿದ್ದುವ ಆಪರೇಷನ್‌ಗೆ ನಮ್ಮವರು ಸಾಮಾನ್ಯವಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹುಬ್ಬಳ್ಳಿ ಕಡೆಗೋ ಹೋಗುತ್ತಾರೆ. ಎಲ್ಲಿಗೇ ಹೋಗಿ, ಇಬ್ಬರು ಸರ್ಜನ್‌ಗಳ ಮಾತು ಕೇಳಿ. ಇನ್ನೊಬ್ಬರನ್ನು ಕೇಳುತ್ತೇನೆ ಅಂದರೆ ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನೂ ಅಲ್ಲೇ ಬರೆದುಕೊಳ್ಳಿ:

- ಯಾವ ಮೂಳೆಯಿಂದ ಯಾವ ಮೂಳೆಯವರೆಗೆ ಬೆಸೆಯುತ್ತೀರಿ? ಸೊಂಟದ ಮೂಳೆಗೂ ಸೇರಿಸುತ್ತೀರಾ?
- ಆಮೇಲೆ ನನ್ನಿಂದ ಯಾವ ಕೆಲಸ ಆಗುವುದಿಲ್ಲ? ಕೆಲವು ತಿಂಗಳಾ, ಶಾಶ್ವತವಾಗಿಯಾ?
- ನನ್ನ ವಯಸ್ಸಿನವರಿಗೆ ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ?
- ಒಂದೇ ಸಲವಾ, ಎರಡು ಸಲವಾ? ಮತ್ತೆ ಆಪರೇಷನ್ ಬೇಕಾಗುವ ಸಾಧ್ಯತೆ ಎಷ್ಟು?
- ಈಗ ಮಾಡಿಸದಿದ್ದರೆ ಐದು ವರ್ಷಕ್ಕೆ ಏನಾಗಬಹುದು?

ಮೊದಲ ಪ್ರಶ್ನೆ ಬಹಳ ಮುಖ್ಯ. ಎದೆಯ ಹಿಂಭಾಗದ ಮೂಳೆಗಳು ಮೊದಲೇ ಜಾಸ್ತಿ ಬಾಗುವುದಿಲ್ಲ, ಅವನ್ನು ಬೆಸೆದರೆ ದಿನದ ಕೆಲಸಕ್ಕೆ ಅಷ್ಟಾಗಿ ಅಡ್ಡಿಯಾಗದು. ಸೊಂಟದ ಮೂಳೆಯವರೆಗೆ ಬೆಸೆದರೆ ಮಾತ್ರ ಬದುಕೇ ಬದಲಾಗುತ್ತದೆ. ಚಪ್ಪಲಿ ಹಾಕಿಕೊಳ್ಳುವುದು, ಶೌಚ ತೊಳೆದುಕೊಳ್ಳುವುದು, ಚಕ್ಕಳಮಕ್ಕಳ ಹಾಕಿ ಕೂರುವುದು ಎಲ್ಲಕ್ಕೂ ಬೇರೆ ದಾರಿ ಹುಡುಕಬೇಕು.

2. ಒಳಗೆ ಏನು ಮಾಡುತ್ತಾರೆ ಅಂತ ತಿಳಿದುಕೊಳ್ಳಿ

ಬೆನ್ನಿನ ನಡುವೆ ಉದ್ದಕ್ಕೆ ತೆರೆದು, ಮೂಳೆಮೂಳೆಗೂ ಸ್ಕ್ರೂ ಹಾಕಿ, ಎರಡು ಕಡೆ ಲೋಹದ ರಾಡ್ ಕೂರಿಸಿ ಬಾಗನ್ನು ತಿದ್ದುತ್ತಾರೆ. ಆಮೇಲೆ ಮೂಳೆಯ ಚೂರುಗಳನ್ನು ಅಲ್ಲಿ ತುಂಬುತ್ತಾರೆ, ಅದಕ್ಕೆ ಬೋನ್ ಗ್ರಾಫ್ಟ್ ಅನ್ನುತ್ತಾರೆ. ಆ ಚೂರುಗಳು ಬೆಳೆದು ಹಲವು ಮೂಳೆ ಸೇರಿ ಒಂದೇ ಗಟ್ಟಿ ಮೂಳೆಯಾಗುವುದಕ್ಕೆ ಫ್ಯೂಷನ್ ಅಂತ ಹೆಸರು. ಮನೆಗೆ ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಹೊಡೆಯುತ್ತಾರಲ್ಲ, ರಾಡ್ ಕೆಲಸವೂ ಹಾಗೇ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದು ನಿಲ್ಲಿಸುವುದು. (ಸೆಂಟ್ರಿಂಗ್ ಬಿಚ್ಚುತ್ತಾರೆ, ರಾಡನ್ನು ಸಾಮಾನ್ಯವಾಗಿ ಒಳಗೇ ಬಿಡುತ್ತಾರೆ.) ಮೂಳೆ ಕೂಡಲು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಕೂಡದಿದ್ದರೆ ಎಂಥ ಗಟ್ಟಿ ರಾಡೂ ಒಂದು ದಿನ ಮುರಿಯಬಹುದು. "ರಾಡ್ ಹಾಕಿದ್ರು, ಇನ್ನೇನು ಭಯ" ಅಂತ ಮೂರನೇ ತಿಂಗಳಿಗೆ ಮೂಟೆ ಎತ್ತುವವರಿದ್ದಾರೆ. ದಯವಿಟ್ಟು ಬೇಡ.

ಕಾಲು ಬೀಳುತ್ತವಾ ಅನ್ನುವ ಪ್ರಶ್ನೆಗೆ ಬರೋಣ. ನರಕ್ಕೆ ಪೆಟ್ಟಾಗುವ ಅಪಾಯ ಇದೆ, ಸೊನ್ನೆ ಅಲ್ಲ. ಆದರೆ ಈಗ ಆಪರೇಷನ್ ನಡೆಯುತ್ತಿರುವಾಗಲೇ ಕೈಕಾಲಿನ ನರಗಳಿಗೆ ಸಂಕೇತ ಕಳಿಸಿ ನೋಡುತ್ತಿರುತ್ತಾರೆ. ಅದು ನ್ಯೂರೋಮಾನಿಟರಿಂಗ್. ಸಂಕೇತ ಕುಗ್ಗಿದರೆ ತಕ್ಷಣ ಕೈ ತಡೆಯುತ್ತಾರೆ. ಆ ಸೌಲಭ್ಯ ಇದೆಯಾ ಅಂತ ಕೇಳಿ, ಇಲ್ಲದ ಕಡೆ ಮಾಡಿಸಬೇಡಿ. ಜನ ಕಾಲಿನ ಬಗ್ಗೆ ಮಾತ್ರ ಹೆದರುತ್ತಾರೆ. ಗಾಯಕ್ಕೆ ಸೋಂಕು, ಜಾಸ್ತಿ ರಕ್ತ ಹೋಗುವುದು, ಮೂಳೆ ಕೂಡದಿರುವುದು ಇವುಗಳ ಬಗ್ಗೆ ಕೇಳುವುದೇ ಇಲ್ಲ. ಹದಿಹರೆಯದವರಿಗಿಂತ ದೊಡ್ಡವರಲ್ಲಿ ಇಂಥ ತೊಡಕುಗಳು ಜಾಸ್ತಿ. ಅದಕ್ಕೇ ಮುಂದಿನ ಹಂತ.

3. ಮೈಯನ್ನು ತಯಾರು ಮಾಡಿ

*ತಂಬಾಕು.* ಗುಟ್ಕಾ, ಜರ್ದಾ, ಬೀಡಿ, ಸಿಗರೇಟು ಎಲ್ಲವೂ ಬಂದ್. ನಿಕೋಟಿನ್ ಇದ್ದರೆ ಮೂಳೆ ಕೂಡುವುದು ಕಷ್ಟ, ಗಾಯ ಮಾಯುವುದೂ ತಡ. "ನಾನು ಸೇದಲ್ಲ, ಬರೀ ಬಾಯಾಗ ಇಟ್ಕೊಂತೀನಿ" ಅನ್ನುವುದು ಲೆಕ್ಕಕ್ಕಿಲ್ಲ. ಎರಡರಲ್ಲೂ ನಿಕೋಟಿನ್ ಒಂದೇ. ಕಡಿಮೆಯೆಂದರೆ ಆರು ವಾರ ಮುಂಚೆ ಬಿಡಿ, ಮೂಳೆ ಕೂಡುವವರೆಗೆ ಮುಟ್ಟಬೇಡಿ.

*ಸಕ್ಕರೆ ಮತ್ತು ರಕ್ತ.* ಡಯಾಬಿಟಿಸ್ ಇದ್ದರೆ ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು ಹತೋಟಿಗೆ ಬರುವವರೆಗೆ ತಾರೀಖು ಬೇಡ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಈಗಲೇ ಸರಿಮಾಡಿಕೊಳ್ಳಿ. ನಮ್ಮ ಕಡೆ ಹೆಂಗಸರಲ್ಲಿ ರಕ್ತ ಕಡಿಮೆ ಇರುವುದು ಬಹಳ ಸಾಮಾನ್ಯ, ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ.

*ಮೂಳೆ ಮತ್ತು ನೀರು.* ಇದು ನಮ್ಮ ಸೀಮೆಯವರಿಗಾಗಿಯೇ ಬರೆಯುತ್ತಿರುವುದು. ಮೂಳೆ ಎಷ್ಟು ಗಟ್ಟಿ ಅಂತ ನೋಡಲು ಡೆಕ್ಸಾ ಸ್ಕ್ಯಾನ್ ಮಾಡಿಸುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಆ ನೀರು ಕುಡಿದವರ ಮೂಳೆ ಎಕ್ಸ್‌ರೇಯಲ್ಲೂ ಡೆಕ್ಸಾದಲ್ಲೂ ಗಟ್ಟಿಯಾಗಿ ಕಾಣಬಹುದು, ಆದರೆ ಒಳಗೆ ಪೆಡಸಾಗಿರುತ್ತದೆ. ಬೆನ್ನು ಬಿಗಿಯುವುದಕ್ಕೂ ಅದೇ ಕಾರಣವಾಗಿರಬಹುದು. ಬೆಂಗಳೂರಿನ ಡಾಕ್ಟರಿಗೆ ನಿಮ್ಮೂರ ನೀರಿನ ವಿಷಯ ಗೊತ್ತಿರಬೇಕೆಂದೇನೂ ಇಲ್ಲ. ನೀವೇ ಬಾಯಿಬಿಟ್ಟು ಹೇಳಿ: "ಇಷ್ಟು ವರ್ಷ ಬೋರಿನ ನೀರು ಕುಡಿದಿದ್ದೇನೆ, ಮನೆಯವರ ಹಲ್ಲಿನ ಮೇಲೆ ಕಂದು ಕಲೆ ಇವೆ." ಸ್ಕ್ರೂ ಹಿಡಿಯುತ್ತಾ ಇಲ್ಲವಾ ಅನ್ನುವ ಲೆಕ್ಕಕ್ಕೆ ಇದು ಬೇಕು. ವಿಟಮಿನ್ ಡಿ ಕೂಡ ಪರೀಕ್ಷೆ ಮಾಡಿಸಿ. ಬಿಸಿಲ ನಾಡಲ್ಲಿದ್ದೇವೆ, ಕಮ್ಮಿ ಇರಲ್ಲ ಅಂತ ಅಂದುಕೊಳ್ಳಬೇಡಿ.

*ನೋವಿನ ಗುಳಿಗೆ.* ವರ್ಷಾನುಗಟ್ಟಲೆ ಆರ್‌ಎಂಪಿ ಹತ್ತಿರ ಇಂಜೆಕ್ಷನ್, ಹೆಸರಿಲ್ಲದ ಪುಡಿ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಅಂಥವುಗಳಲ್ಲಿ ಕೆಲವೊಮ್ಮೆ ಸ್ಟೆರಾಯ್ಡ್ ಇರುತ್ತದೆ. ಅನಸ್ತೇಶಿಯಾ ಕೊಡುವ ಡಾಕ್ಟರಿಗೆ ಅದು ಗೊತ್ತಿಲ್ಲದಿದ್ದರೆ ಆಪರೇಷನ್ ಟೇಬಲ್ ಮೇಲೆ ಬಿಪಿ ಕುಸಿಯಬಹುದು. ಆಸ್ಪಿರಿನ್, ರಕ್ತ ತೆಳುಮಾಡುವ ಮಾತ್ರೆ, ನಾಟಿ ಔಷಧಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

*ಉಳಿದದ್ದು.* ಹುಳುಕು ಹಲ್ಲಿದ್ದರೆ ಮುಂಚೆಯೇ ತೋರಿಸಿ ಸರಿಮಾಡಿಸಿ, ಸೋಂಕು ಅಲ್ಲಿಂದಲೂ ಬರಬಹುದು. ದಿನಾ ನಡೆಯಿರಿ. ಮೂರು ಚೆಂಡಿನ ಉಸಿರಾಟದ ಸಾಧನ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದನ್ನು ಈಗಲೇ ರೂಢಿ ಮಾಡಿಕೊಳ್ಳಿ. ಊಟದಲ್ಲಿ ಬೇಳೆ, ಕಾಳುಪಲ್ಲೆ, ಮೊಟ್ಟೆ, ಮೊಸರು, ಶೇಂಗಾ ಇರಲಿ. ತಿಂಗಳಿಗೆ ನೂರೆಂಟು ಒಪ್ಪತ್ತು ಇರುವವರು ಈ ಮೂರು ತಿಂಗಳು ದೇವರ ಹತ್ತಿರ ರಜೆ ಕೇಳಿಕೊಳ್ಳಿ.

4. ದುಡ್ಡು, ಕಾಗದ, ಕಾಲ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇಲ್ಲಿ ಜನ ಎಡವುವುದು ರೆಫರಲ್ ವಿಷಯದಲ್ಲಿ. ಇದು ತುರ್ತು ಆಪರೇಷನ್ ಅಲ್ಲ, ಹಾಗಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಬೇಕು. ನೇರವಾಗಿ ಖಾಸಗಿ ಆಸ್ಪತ್ರೆಗೆ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ. ಹೈದರಾಬಾದಿಗೆ ಹೋಗುವ ರಾಯಚೂರಿನವರು, ಆ ಆಸ್ಪತ್ರೆಯಲ್ಲಿ ನಮ್ಮ ಕಾರ್ಡ್ ನಡೆಯುತ್ತಾ ಅಂತ ಅಲ್ಲಿನ ಆರೋಗ್ಯಮಿತ್ರರ (ಯೋಜನೆಯ ಕೆಲಸ ನೋಡಿಕೊಳ್ಳುವ ಸಿಬ್ಬಂದಿ) ಹತ್ತಿರ ಮೊದಲೇ ಕೇಳಿ. ಖಾಸಗಿ ಇನ್ಶೂರೆನ್ಸ್ ಇದ್ದರೆ "ಮೊದಲೇ ಇದ್ದ ಕಾಯಿಲೆ"ಗೆ ಎಷ್ಟು ವರ್ಷ ಕಾಯಬೇಕು ಅನ್ನುವ ಸಾಲು ಓದಿ. ಅಂದಾಜು ಪಟ್ಟಿ ಕೇಳುವಾಗ ಸ್ಕ್ರೂ-ರಾಡ್, ಐಸಿಯು, ರಕ್ತ, ನ್ಯೂರೋಮಾನಿಟರಿಂಗ್ ಸೇರಿದೆಯಾ ಅಂತ ಒಂದೊಂದಾಗಿ ಕೇಳಿ. ಬಿಲ್ ಏರುವುದು ಅಲ್ಲೇ.

ಕಾಲವನ್ನೂ ನೋಡಿಕೊಳ್ಳಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಏಪ್ರಿಲ್-ಮೇ ಬೇಡ. 40 ಡಿಗ್ರಿ ದಾಟುವ ಬಿಸಿಲಲ್ಲಿ ಬೆವರು, ಬೆನ್ನಿನ ಗಾಯ, ಬೆನ್ನಿಗೆ ಕಟ್ಟುವ ಬೆಲ್ಟು, ಮೇಲೆ ಕರೆಂಟ್ ಬೇರೆ ಹೋದರೆ ನರಕ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಗದ್ದೆಯಿರುವವರು, ಹತ್ತಿ ಬಿಡಿಸುವವರು ಒಂದು ವರ್ಷದ ಬೆಳೆ ಲೆಕ್ಕ ಹಾಕಿ. ನಾಟಿಗೂ ಹತ್ತಿಗೂ ಆ ವರ್ಷ ನೀವು ಇಳಿಯುವ ಹಾಗಿಲ್ಲ. ಕೂಲಿಗೆ ಯಾರನ್ನು ಹಚ್ಚುವುದು ಅಂತ ಈಗಲೇ ಮಾತಾಡಿಕೊಳ್ಳಿ.

5. ಮನೆಯನ್ನು ಬದಲಿಸಿ

ಮೊದಲು ಒಂದು ಪರೀಕ್ಷೆ ಮಾಡಿ. ಬಿಡುವಿನ ಒಂದು ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಬಗ್ಗದೆ, ಸೊಂಟ ತಿರುಗಿಸದೆ, ಎರಡು ಕೆಜಿಗಿಂತ ಜಾಸ್ತಿ ಎತ್ತದೆ ಇದ್ದು ನೋಡಿ. ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಇರುವ ನಿಯಮ ಇವೇ ಮೂರು. ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಬರೆದುಕೊಳ್ಳಿ. ಹಾಸಿಗೆ ಮಡಚುವಾಗ, ಬಚ್ಚಲಲ್ಲಿ ತಂಬಿಗೆ ತುಂಬಿಕೊಳ್ಳುವಾಗ, ಕೆಳಗಿನ ಕಪಾಟಿನಿಂದ ಹಿಟ್ಟಿನ ಡಬ್ಬಿ ತೆಗೆಯುವಾಗ, ಚಾರ್ಜರ್ ಚುಚ್ಚುವಾಗ. ಆ ಪಟ್ಟಿಯೇ ನಿಮ್ಮ ಮನೆ ರಿಪೇರಿಯ ಪಟ್ಟಿ.

ನೆಲದ ಮೇಲೆ ಚಾಪೆ ಹಾಸಿ ಮಲಗುವವರಿಗೆ ಮಂಚ ಬೇಕೇ ಬೇಕು. ಕೂತಾಗ ಪಾದ ನೆಲಕ್ಕೆ ತಾಗಿ, ಮೊಣಕಾಲು ಸೊಂಟದ ಮಟ್ಟಕ್ಕಿಂತ ಮೇಲೆ ಬರದಷ್ಟು ಎತ್ತರ ಇರಲಿ. ಹಳ್ಳಿ ಪಾಯಿಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ನಡುವೆ ರಂಧ್ರ ಇರುವ ಕಮೋಡ್ ಕುರ್ಚಿ ತಂದು ಅದರ ಮೇಲೇ ಇಟ್ಟರೆ ಸಾಕು. ಜೊತೆಗೆ ಕೈಯಲ್ಲಿ ಹಿಡಿಯುವ ನೀರಿನ ಜೆಟ್ ಹಾಕಿಸಿ. ಗೋಡೆಗೆ ಒಂದು ಹಿಡಿಕೆ. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು, ಬಕೆಟ್ಟನ್ನೂ ಇನ್ನೊಂದು ಸ್ಟೂಲಿನ ಮೇಲೆ.

ನಲ್ಲಿ ನೀರು ದಿನ ಬಿಟ್ಟು ದಿನವೋ ವಾರಕ್ಕೊಮ್ಮೆಯೋ ಬರುವ ಓಣಿಯಾದರೆ ಆ ಹೊತ್ತಿಗೆ ಯಾರು ತುಂಬುತ್ತಾರೆ ಅಂತ ಹೆಸರು ಹಿಡಿದು ಹೇಳಿ. ತುಂಬಿದ ಕೊಡ ಹತ್ತು ಕೆಜಿಗೂ ಜಾಸ್ತಿ ತೂಗುತ್ತದೆ. ಅಭ್ಯಾಸಬಲದಿಂದ ಕೈ ಹಾಕುವುದು ಅದಕ್ಕೇ.

ಇನ್ನು ರೊಟ್ಟಿ. ನೆಲದ ಮೇಲೆ ಕೂತು, ಮುಂದಕ್ಕೆ ಬಾಗಿ, ತಟ್ಟಿ, ತಿರುಗಿ ಹಂಚಿಗೆ ಹಾಕುವುದು ಅಂದರೆ ಬಗ್ಗುವುದು, ತಿರುಗುವುದು ಎರಡೂ ಒಟ್ಟಿಗೆ. ಮೊದಲ ಕೆಲವು ತಿಂಗಳು ಬೇಡವೇ ಬೇಡ. ಸರ್ಜನ್ ಒಪ್ಪಿದ ಮೇಲೆ ನಿಂತುಕೊಂಡು, ಸೊಂಟದ ಎತ್ತರದ ಕಟ್ಟೆ ಮೇಲೆ, ಒಲೆ ಎದುರಿಗೇ ಇಟ್ಟುಕೊಂಡು ಎರಡು-ಮೂರರಿಂದ ಶುರು ಮಾಡಿ. ಅಲ್ಲಿಯವರೆಗೆ ಖಡಕ್ ರೊಟ್ಟಿ ಇದೆಯಲ್ಲ! ಅಡ್ಮಿಟ್ ಆಗುವ ವಾರ ಮುಂಚೆ ಮಾಡಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ ಡಬ್ಬಿಗಳನ್ನು ಎದೆಮಟ್ಟದ ಕಪಾಟಿಗೆ ಏರಿಸಿ.

6. ಮನಸ್ಸು ಮತ್ತು ಮನೆಮಂದಿ

ದೊಡ್ಡವರಲ್ಲಿ ಇದು ಬೆನ್ನಿನ ಮಾತಷ್ಟೇ ಅಲ್ಲ. ಶಾಲೆಯಲ್ಲಿ 'ಗೂನಿ' ಅಂತ ಕರೆಸಿಕೊಂಡದ್ದು, ನೋಡಲು ಬಂದ ಗಂಡಿನ ಕಡೆಯವರು ಎದ್ದು ಹೋದದ್ದು, ಜಂಪರಿನ ಒಂದು ಭುಜಕ್ಕೆ ಮಾತ್ರ ದಪ್ಪ ಬಟ್ಟೆ ಇಡಿಸಿದ್ದು, ಎಲ್ಲ ಒಳಗೇ ಕೂತಿರುತ್ತದೆ. ಈಗ ಆಪರೇಷನ್ ಅಂದರೆ ಮನೆಯವರು "ಇಷ್ಟು ವರ್ಷ ಹಂಗೇ ಇದ್ದೀ, ಈಗ್ಯಾಕ?" ಅನ್ನುತ್ತಾರೆ. ಅವರ ಜೊತೆ ವಾದ ಮಾಡಿ ಸುಸ್ತಾಗಬೇಡಿ. ಅಡ್ಡಗಾಲು ಹಾಕುವವರಲ್ಲಿ ಹಿರಿಯರೊಬ್ಬರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಎರಡು ಎಕ್ಸ್‌ರೇ ಪಕ್ಕಪಕ್ಕ ತೋರಿಸಿ. ಮಾತಿಗಿಂತ ಫಿಲ್ಮ್ ಬೇಗ ಒಪ್ಪಿಸುತ್ತದೆ.

ನಿಮ್ಮ ನಿರೀಕ್ಷೆಯನ್ನೂ ಡಾಕ್ಟರ್ ಮುಂದೆ ಬಿಚ್ಚಿಡಿ. ಬೆನ್ನು ಕಂಬದ ಹಾಗೆ ನೆಟ್ಟಗಾಗುವುದಿಲ್ಲ. ನೋವು ಕಡಿಮೆಯಾಗಬಹುದು, ಪೂರ್ತಿ ಹೋಗದೆಯೂ ಇರಬಹುದು. ಒಂದೆರಡು ಸೆಂಟಿಮೀಟರ್ ಎತ್ತರ ಹೆಚ್ಚಿ, ಕನ್ನಡಿಯಲ್ಲಿ ಬೇರೆ ಯಾರೋ ನಿಂತ ಹಾಗೆ ಅನ್ನಿಸಬಹುದು. ಖುಷಿಯ ಜೊತೆ ಅಳುವೂ ಬಂದರೆ ಗಾಬರಿ ಬೇಡ.

ಆಪರೇಷನ್ ಆದ ಮೊದಲ ವಾರಗಳಲ್ಲಿ ಮನಸ್ಸು ಕುಸಿಯುವುದು ಬಹಳ ಮಂದಿಗೆ ಆಗುತ್ತದೆ. ನೋವು, ನಿದ್ದೆಗೇಡು, ಗಟ್ಟಿ ಮಾತ್ರೆ, ಎಲ್ಲದಕ್ಕೂ ಇನ್ನೊಬ್ಬರನ್ನು ಕೂಗುವ ಸಂಕಟ. "ಯಾಕಾದ್ರೂ ಮಾಡಿಸಿಕೊಂಡ್ನೋ" ಅನ್ನಿಸುತ್ತದೆ. ಇದನ್ನು ಗಂಡ ಅಥವಾ ಹೆಂಡತಿಗೆ ಈಗಲೇ ಹೇಳಿಟ್ಟರೆ ಆಗ ಅವರು ಗದರುವುದಿಲ್ಲ. ಎರಡು ವಾರ ದಾಟಿಯೂ ಮಂಕು ಬಿಡದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹರಕೆ ಹೊರುವವರಿಗೆ ಒಂದು ಮಾತು. "ಹುಷಾರಾದ್ರ ಹುಲಿಗೆಮ್ಮಗ ದೀಡ ನಮಸ್ಕಾರ ಹಾಕ್ತೀನಿ" ಅಂತ ಮಾತ್ರ ಬೇಡಿಕೊಳ್ಳಬೇಡಿ. ಬೆಸೆದ ಬೆನ್ನಲ್ಲಿ ನೆಲಕ್ಕೆ ಬಿದ್ದು ಏಳುವುದು ಆಗದ ಕೆಲಸ, ಆಮೇಲೆ ತೀರಿಸಲಾಗದೆ ಕೊರಗುತ್ತೀರಿ. ಉಡಿ ತುಂಬುತ್ತೇನೆ ಅನ್ನಿ, ಅಮ್ಮ ಒಪ್ಪುತ್ತಾಳೆ.

ನೋಡಲು ಬರುವ ನೆಂಟರನ್ನು ತಡೆಯಲು ಮನೆಯಲ್ಲಿ ಒಬ್ಬ ಗಟ್ಟಿ ಬಾಯಿಯವರನ್ನು ನೇಮಿಸಿ. ಮೊದಲ ಎರಡು ವಾರ ಬರೀ ಫೋನ್.

7. ಆಸ್ಪತ್ರೆಯ ದಿನಗಳು

ರಕ್ತ ಕೊಡುವವರನ್ನು ಮೊದಲೇ ಗೊತ್ತು ಮಾಡಿ. ಕಾಲುಂಗುರ, ಬಳೆ, ತಾಳಿ, ಉಗುರಿನ ಬಣ್ಣ ಎಲ್ಲ ಮನೆಯಲ್ಲೇ ತೆಗೆದು ಹೋಗಿ. ಉಂಗುರ ಬಿಗಿಯಾಗಿದ್ದರೆ ಅಲ್ಲಿ ಕತ್ತರಿಸುತ್ತಾರೆ. ಮುಂದೆ ಗುಂಡಿ ಇರುವ ಸಡಿಲ ನೈಟಿ ಅಥವಾ ಅಂಗಿ, ಹಿಂದೆ ಪಟ್ಟಿ ಇರುವ ಜಾರದ ಚಪ್ಪಲಿ ಇರಲಿ. ಆಪರೇಷನ್ ನಾಲ್ಕರಿಂದ ಎಂಟು ಗಂಟೆ ಹಿಡಿಯಬಹುದು ಅಂತ ಹೊರಗೆ ಕಾಯುವವರಿಗೆ ತಿಳಿದಿರಲಿ. ಎಚ್ಚರವಾದಾಗ ಮೈತುಂಬ ಪೈಪುಗಳಿರುತ್ತವೆ, ಮುಖ ಊದಿರಬಹುದು. ಮೊದಲ ಮೂರು ದಿನ ನೋವು ಜೋರು. ನೋವು ಏರುವ ಮುಂಚೆಯೇ ನರ್ಸಿಗೆ ಹೇಳಿ, ತಡೆದುಕೊಳ್ಳುವುದರಲ್ಲಿ ಶೂರತನ ಏನೂ ಇಲ್ಲ. ಸಾಮಾನ್ಯವಾಗಿ ಮರುದಿನವೋ ಅದರ ಮರುದಿನವೋ ಎಬ್ಬಿಸಿ ನಿಲ್ಲಿಸುತ್ತಾರೆ.

ಏಳುವ ರೀತಿಯನ್ನು ಮನೆಯಲ್ಲೇ ರೂಢಿ ಮಾಡಿಕೊಂಡು ಹೋಗಿ. ಅಂಗಾತ ಮಲಗಿದಲ್ಲಿಂದ ಎರಡೂ ಮೊಣಕಾಲು ಮಡಚಿ. ಭುಜ, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ ತಿರುಗುವಂತೆ ಮಗ್ಗುಲಾಗಿ. ಈಗ ಪಾದಗಳನ್ನು ಮಂಚದಿಂದ ಕೆಳಕ್ಕೆ ಇಳಿಬಿಡುತ್ತಲೇ, ಕೆಳಗಿನ ಮೊಣಕೈ ಊರಿ, ಮೇಲಿನ ಅಂಗೈಯಿಂದ ಹಾಸಿಗೆ ಒತ್ತಿ ಮೇಲೇಳಿ. ಬೆನ್ನು ಹಲಗೆಯಂತೆ ನೇರವಾಗಿಯೇ ಇರಬೇಕು. ಮಲಗುವಾಗ ಇದನ್ನೇ ಉಲ್ಟಾ ಮಾಡುವುದು. ಕೈ ಹಿಡಿದು ಎಳೆದು ಕೂರಿಸಲು ಯಾರಿಗೂ ಬಿಡಬೇಡಿ, ಪ್ರೀತಿಯಿಂದ ಬಂದ ಅಣ್ಣನಿಗೂ.

8. ಊರಿಗೆ ವಾಪಸ್, ಆಮೇಲೆ

ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 300 ಕಿ.ಮೀ. ಸಾಧ್ಯವಾದರೆ ಹೊಲಿಗೆ ತೆಗೆಯುವವರೆಗೆ, ಅಂದರೆ ಹತ್ತರಿಂದ ಹದಿನಾಲ್ಕು ದಿನ, ಆಸ್ಪತ್ರೆ ಹತ್ತಿರವೇ ರೂಮ್ ಮಾಡಿ ಇರಿ. ಬರುವಾಗ ಕಾರಿನ ಸೀಟು ಹಿಂದಕ್ಕೆ ಒರಗಿಸಿ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಸ್ಲೀಪರ್ ಬಸ್ಸಿನ ಬರ್ತಿಗೆ ನುಸುಳಿ ಹತ್ತಬೇಡಿ. ರೈಲಿನಲ್ಲಿ ಬರಬಹುದು ಅಂತ ಡಾಕ್ಟರ್ ಹೇಳಿದರೆ ಲೋವರ್ ಬರ್ತ್ ಖಾತ್ರಿ ಇದ್ದರೆ ಮಾತ್ರ.

ನೋವಿನ ಮಾತ್ರೆಗೆ ಮಲ ಕಟ್ಟುತ್ತದೆ. ತಿಣುಕಿದರೆ ಬೆನ್ನು ಒಡೆದ ಹಾಗಾಗುತ್ತದೆ. ನೀರು, ಮಜ್ಜಿಗೆ, ಪಪ್ಪಾಯಿ, ಸೊಪ್ಪು ಜಾಸ್ತಿ ಮಾಡಿ, ಮಲ ಸಡಿಲಿಸುವ ಔಷಧಿಯನ್ನು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ಓಣಿಯ ಅಂಗಡಿಯಿಂದ ಬೇರೆ ನೋವಿನ ಗುಳಿಗೆ ತಂದು ನುಂಗಬೇಡಿ. ಡೈಕ್ಲೋಫೆನಾಕ್ ಜಾತಿಯವು ಮೂಳೆ ಕೂಡುವುದನ್ನು ತಡ ಮಾಡಬಹುದು.

ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಜ್ವರ, ಗಾಯದಿಂದ ಕೀವು ಅಥವಾ ನೀರು, ಕಾಲಿನ ಶಕ್ತಿ ಕುಗ್ಗುವುದು, ತೊಡೆಸಂದಿನ ಸುತ್ತ ಮರಗಟ್ಟುವುದು, ಮೂತ್ರ-ಮಲದ ಹಿಡಿತ ತಪ್ಪುವುದು, ಒಂದೇ ಮೀನಖಂಡ ಊದುವುದು. ಏಕಾಏಕಿ ಉಸಿರು ಕಟ್ಟಿದರೆ 108.

ಕೂತು ಮಾಡುವ ಕೆಲಸಕ್ಕೆ ಆರರಿಂದ ಹನ್ನೆರಡು ವಾರದ ನಡುವೆ ಮರಳುವವರು ಜಾಸ್ತಿ. ಮೈಬಗ್ಗಿಸಿ ದುಡಿಯುವವರಿಗೆ ಆರು ತಿಂಗಳಿಂದ ವರ್ಷ. ನಮ್ಮ ರಸ್ತೆಗಳಲ್ಲಿ ಬೈಕಿನ ಹಿಂದೆ ಕೂರುವುದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಒಳಗೆ ಯಾವ ಲೋಹ, ಯಾವ ಅಳತೆ ಹಾಕಿದ್ದಾರೆ ಅಂತ ಬರೆದ ಇಂಪ್ಲಾಂಟ್ ಕಾರ್ಡನ್ನು ಡಿಸ್ಚಾರ್ಜ್ ವೇಳೆ ಕೇಳಿ ಪಡೆಯಿರಿ. ಅದರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿ ಇರಲಿ. ಮುಂದೆ ಎಂಆರ್‌ಐ ಮಾಡಿಸುವಾಗಲೂ, ಬೇರೆ ಡಾಕ್ಟರಿಗೆ ತೋರಿಸುವಾಗಲೂ ಮೊದಲು ಕೇಳುವುದು ಅದನ್ನೇ.